ಆರೋಗ್ಯಸಾಧನೆಯಲ್ಲಿ ಪಾದಾಂಶಕ್ರಮ



ಮನುಷ್ಯನು ಕೈಕೊಳ್ಳುವ ಸಕಲ ಕಾರ್ಯಗಳಿಗೂ ಆರೋಗ್ಯವೇ ತಳಹದಿಯು. ಒಕ್ಕಲಿಗನ ಉಳುಮೆ, ನೇಕಾರನ ಮಗ್ಗ, ವಿದ್ಯಾರ್ಥಿಯ ಓದು, ಗೃಹಿಣಿಯ ಮನೆವಾರ್ತೆ, ಸಾಧಕನ ಪೂಜೆ, ಇವುಗಳಲ್ಲಿ ಯಾವುದೊಂದೂ ನಿಶ್ಶಕ್ತವಾದ ದೇಹದಿಂದ ನೆರವೇರಲಾರದು. ಈ ಮಾತನ್ನು ಅರಿಯದವರು ಯಾರೂ ಇಲ್ಲ. ಆದರೆ ಅರಿತ ಮಾತು ಆಚರಣೆಗೆ ಬರುವ ಹಾದಿಯು ಬೇರೆ. ಆರೋಗ್ಯವು ಬೇಕೆಂಬುವರು ಎಲ್ಲರೂ; ಅದು ನಾಳೆಯೇ ಬೇಕೆಂಬುವರು ಹಲವರು; ಅದನ್ನು ದಿನದಿನವೂ ದುಡಿದು ಗಳಿಸಬೇಕೆಂಬುವರು ಮಾತ್ರ ಕೆಲವರು. ಆತುರದಿಂದ ಪಡೆದ ಆರೋಗ್ಯವು ಏಕೆ ನಿಲ್ಲದು, ಮೆಲ್ಲಮೆಲ್ಲನೆ ಗಳಿಸಿದುದು ಏಕೆ ನಿಲ್ಲುವುದು ಎಂಬುದೇ ಈ ಉಪನ್ಯಾಸದ ವಿಷಯವು.

ವಿಷಯವು ಹಳೆಯದಾದರೂ ಅದರ ಅಗತ್ಯವು ಇಂದು ಹಿಂದೆಂದಿಗಿಂತಲೂ ಹೆಚ್ಚಾಗಿರುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023 ರಲ್ಲಿ ಪ್ರಕಟವಾದ ಸಮೀಕ್ಷೆಯು ಹೇಳುವಂತೆ, ದೇಶದಲ್ಲಿ 10 ಕೋಟಿಗೂ ಮಿಕ್ಕಿ ಜನರು ಮಧುಮೇಹಪೀಡಿತರು; 13 ಕೋಟಿಗೂ ಮಿಕ್ಕಿ ಜನರು ಆ ರೋಗದ ಹೊಸ್ತಿಲಲ್ಲಿ ನಿಂತವರು. ವಯಸ್ಕರಲ್ಲಿ ನೂರಕ್ಕೆ ಸುಮಾರು 35 ಮಂದಿಗೆ ರಕ್ತದೊತ್ತಡವು ಏರಿರುವುದು. ಸಿಡುಬು, ಪ್ಲೇಗುಗಳಂತೆ ಇವು ಹೊರಗಿನಿಂದ ಬಂದು ಬಾಗಿಲು ತಟ್ಟುವ ರೋಗಗಳಲ್ಲ. ಮನೆಯೊಳಗೇ, ಉಂಡ ಊಟದಲ್ಲಿ, ಕುಳಿತ ಕುರ್ಚಿಯಲ್ಲಿ, ಕೆಟ್ಟ ನಿದ್ರೆಯಲ್ಲಿ ಹತ್ತಾರು ವರ್ಷ ಸದ್ದಿಲ್ಲದೆ ಬೆಳೆದು, ಕಡೆಗೊಂದು ದಿನ ಕಣ್ಣು, ಮೂತ್ರಪಿಂಡ, ಹೃದಯಗಳ ಮೇಲೆ ಎರಗುವುವು. ಇದರಲ್ಲಿ ವಂಶದ ಪಾಲೂ ಉಂಟು, ನಿಜ. ಆದರೆ ವಂಶವು ಬೀಜವಾದರೆ ದಿನಚರಿಯು ನೆಲವು. ಬರುವುದಕ್ಕೆ ಹತ್ತು ವರ್ಷ ತೆಗೆದುಕೊಂಡ ಕೇಡು ಹತ್ತು ದಿನಗಳಲ್ಲಿ ತೊಲಗಬೇಕೆಂಬುದು ಎಂತಹ ನ್ಯಾಯವು?

ಈ ಕೇಡಿಗೆ ಎಡೆಯಾದುದು ಹೇಗೆಂಬುದನ್ನು ಮೊದಲು ತಿಳಿಯಬೇಕು. ಹಿಂದಿನವರು ವ್ಯಾಯಾಮವನ್ನು ಹುಡುಕಿಕೊಂಡು ಹೋಗಲಿಲ್ಲ. ವ್ಯಾಯಾಮವೇ ಅವರನ್ನು ಹುಡುಕಿಕೊಂಡು ಬರುತ್ತಿತ್ತು. ಬಾವಿಯ ನೀರು, ಬೀಸುವ ಕಲ್ಲು, ಕುಟ್ಟುವ ಒನಕೆ, ಎತ್ತಿನ ನೇಗಿಲು, ಸಂತೆಗೆ ಮೂರು ಹರದಾರಿ ನಡಿಗೆ, ಇವು ದಿನವನ್ನು ತುಂಬಿಕೊಂಡಿದ್ದುವು. ಇಂದು ಪಂಪುಸೆಟ್ಟು ನೀರೆತ್ತುವುದು, ಗಿರಣಿಯು ಹಿಟ್ಟು ಬೀಸುವುದು, ಟ್ರ್ಯಾಕ್ಟರು ಉಳುವುದು, ಮೋಟಾರುಸೈಕಲ್ಲು ಮನೆಯ ಬಾಗಿಲಿನಿಂದ ಅಂಗಡಿಯ ಬಾಗಿಲಿಗೆ ಒಯ್ಯುವುದು. ಈ ಯಂತ್ರಗಳನ್ನು ಹಳಿಯುವುದು ಕೃತಘ್ನತೆಯಾದೀತು. ಬೀಸುವ ಕಲ್ಲಿನ ಮುಂದೆ ಬೆನ್ನು ಬಾಗಿದ ತಾಯಂದಿರಿಗೆ ಬಿಡುಗಡೆಯಿತ್ತವು ಅವೇ ಅಲ್ಲವೇ? ಆದರೆ ಜೀವನವು ಬದಲಾದಷ್ಟು ಬೇಗನೆ ದೇಹವು ಬದಲಾಗಲಿಲ್ಲ. ಅದು ಇನ್ನೂ ನಡೆಯುವುದಕ್ಕೂ, ಎತ್ತುವುದಕ್ಕೂ, ಬಾಗುವುದಕ್ಕೂ ಹುಟ್ಟಿದ ಹಳೆಯ ದೇಹವೇ ಆಗಿರುವುದು.

ದಿನದ ಸಣ್ಣ ಚಲನೆಯ ಬೆಲೆಯನ್ನು ಲೋಕಕ್ಕೆ ಮೊದಲು ತೋರಿಸಿದವರಲ್ಲಿ ಇಂಗ್ಲೆಂಡಿನ ವೈದ್ಯ ಜೆರ್ರಿ ಮಾರಿಸನು ಮುಖ್ಯನು. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ದುಡಿಯುವವರನ್ನು ಪರಿಶೀಲಿಸಿ, 1953 ರಲ್ಲಿ ಆತನು ತನ್ನ ಶೋಧವನ್ನು ಪ್ರಕಟಿಸಿದನು. ಚಾಲಕನೂ ನಿರ್ವಾಹಕನೂ ಒಂದೇ ಬಸ್ಸಿನವರು. ಆದರೆ ಚಾಲಕನು ದಿನವೆಲ್ಲ ಕುಳಿತಿರುವನು. ನಿರ್ವಾಹಕನು ಚೀಟಿ ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತಿಳಿಯುವನು. ನಿರ್ವಾಹಕರಲ್ಲಿ ಹೃದ್ರೋಗವು ಚಾಲಕರಲ್ಲಿಗಿಂತ ಕಡಿಮೆಯಾಗಿತ್ತು. ಬಂದರೂ ಅದರ ಉಗ್ರತೆಯು ಕಡಿಮೆಯಾಗಿತ್ತು. ಚಾಲಕರು ಕೆಲಸಕ್ಕೆ ಸೇರುವಾಗಲೇ ಸ್ಥೂಲರಾಗಿದ್ದರೋ ಏನೋ ಎಂಬ ಸಂದೇಹವು ಮಾರಿಸನಿಗೇ ಹುಟ್ಟಿ, ಅವರ ಸಮವಸ್ತ್ರದ ಸೊಂಟದ ಅಳತೆಗಳನ್ನು ತರಿಸಿ ನೋಡಿದನು. ಆ ಸಂದೇಹದಲ್ಲಿ ಸ್ವಲ್ಪ ನಿಜವೂ ಇದ್ದಿತು. ಆದರೂ ದೈನಂದಿನ ಚಲನೆಯು ಹೃದಯವನ್ನು ಕಾಯುವುದೆಂಬ ತತ್ತ್ವವು ತರುವಾಯದ ನೂರಾರು ಪರಿಶೋಧನೆಗಳಿಂದ ದೃಢಪಟ್ಟಿರುವುದು. ಗಮನಿಸತಕ್ಕ ಸಂಗತಿಯೆಂದರೆ, ಆ ನಿರ್ವಾಹಕರಾರೂ ವ್ಯಾಯಾಮವನ್ನು ಕೈಕೊಂಡವರಲ್ಲ. ಅವರು ತಮ್ಮ ಕೆಲಸವನ್ನು ಮಾಡಿದರು. ಆ ಕೆಲಸವೇ ಅವರನ್ನು ಕಾಯಿತು.

ಹೀಗೆ ನಿತ್ಯದಿಂದ ಕಳೆದುಹೋದುದನ್ನು ನಿತ್ಯದಿಂದಲೇ ಮರಳಿ ಪಡೆಯಬೇಕು. ಆದರೆ ಜನರು ಮಾಡುವುದೇನು? ಉದರವು ಮುಂದಕ್ಕೆ ಬಂದುದು ಒಂದು ದಿನ ಕನ್ನಡಿಯಲ್ಲಿ ಕಾಣುವುದು. ಮಗಳ ಮದುವೆಯು ಎರಡು ತಿಂಗಳಿರುವುದು. ಕೂಡಲೇ ಒಂದು ಪುಡಿ, ಒಂದು ಕಷಾಯ, ಒಂದು ಕಠಿಣ ಉಪವಾಸ. ತರುಣರಾದರೆ ಆರು ವಾರಗಳಲ್ಲಿ ಜಟ್ಟಿಯ ತೋಳುಗಳನ್ನು ಬಯಸಿ, ವೈದ್ಯನ ಅಪ್ಪಣೆಯಿಲ್ಲದೆ ಸ್ಟಿರಾಯ್ಡಿನ ಸೂಜಿಗಳಿಗೂ ಕೈಚಾಚುವರು. ಅದರಿಂದ ಹೃದಯಕ್ಕೂ ಯಕೃತ್ತಿಗೂ ಸಂತಾನಶಕ್ತಿಗೂ ಹಾನಿಯುಂಟೆಂಬುದನ್ನು ಮಾರುವವನು ಹೇಳನು. ಒಳ್ಳೆಯ ವಸ್ತುವೂ ಆತುರದ ಕೈಯಲ್ಲಿ ಮಾಯಾಮದ್ದಾಗುವುದು. 2023 ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿತು. ನವಣೆ, ಸಾಮೆ, ರಾಗಿ, ಜೋಳಗಳು ಕನ್ನಡನಾಡಿನ ಹಳೆಯ ಅನ್ನವೇ ಸರಿ. ಆದರೆ ಅವನ್ನು ಒಂದು ತಿಂಗಳು ಔಷಧದಂತೆ ಸೇವಿಸಿ ಗುಣ ಕಾಣಲಿಲ್ಲವೆಂದು ಬಿಟ್ಟವನು ಧಾನ್ಯವನ್ನು ಬದಲಿಸಿದನೇ ಹೊರತು ನಡೆಯನ್ನು ಬದಲಿಸಲಿಲ್ಲ.

ಹಠಾತ್ತಾದ ಕ್ರಮಗಳು ಸೋಲುವುದು ಮನೋದೌರ್ಬಲ್ಯದಿಂದಲೇ ಎಂದು ಹಲವರು ತಮ್ಮನ್ನು ತಾವೇ ಹಳಿದುಕೊಳ್ಳುವರು. ಇದು ಪೂರ್ತಿ ನಿಜವಲ್ಲ. ಅಮೆರಿಕೆಯಲ್ಲಿ ಸ್ಥೂಲಕಾಯರಿಗಾಗಿ ದೂರದರ್ಶನದಲ್ಲಿ ಒಂದು ಸ್ಪರ್ಧೆಯು ನಡೆಯುತ್ತಿದ್ದಿತು. ಯಾರು ಹೆಚ್ಚು ತೂಕವನ್ನು ಬೇಗನೆ ಇಳಿಸುವರೋ ಅವರಿಗೆ ಬಹುಮಾನ. ಅಂತಹ 14 ಜನ ಸ್ಪರ್ಧಿಗಳನ್ನು ವಿಜ್ಞಾನಿಗಳು ಆರು ವರ್ಷಗಳ ತರುವಾಯ ಮತ್ತೆ ಪರೀಕ್ಷಿಸಿ, 2016 ರಲ್ಲಿ ಫಲವನ್ನು ಪ್ರಕಟಿಸಿದರು. ಮೂವತ್ತು ವಾರಗಳಲ್ಲಿ ಅವರು ಸರಾಸರಿ 58 ಕಿಲೋಗ್ರಾಂ ಇಳಿದಿದ್ದರು. ಆರು ವರ್ಷಗಳಲ್ಲಿ ಅದರಲ್ಲಿ 41 ಕಿಲೋಗ್ರಾಂ ಮರಳಿ ಬಂದಿತ್ತು. ಅದಕ್ಕಿಂತಲೂ ಆಶ್ಚರ್ಯದ ಸಂಗತಿಯು ಬೇರೊಂದು. ಸುಮ್ಮನೆ ಮಲಗಿರುವಾಗಲೂ ದೇಹವು ದಿನಕ್ಕೆ ಇಂತಿಷ್ಟು ಶಕ್ತಿಯನ್ನು ವ್ಯಯಿಸುವುದು. ಅವರ ದೇಹಗಳು ಅವರ ಗಾತ್ರಕ್ಕೆ ತಕ್ಕುದಕ್ಕಿಂತ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿಗಳಷ್ಟು ಕಡಿಮೆ ವ್ಯಯಿಸುತ್ತಿದ್ದುವು. ದೇಹಕ್ಕೆ ಮದುವೆಯ ಮುಹೂರ್ತವೂ ತಿಳಿಯದು, ಸ್ಪರ್ಧೆಯ ಬಹುಮಾನವೂ ತಿಳಿಯದು. ಅನ್ನವು ಒಮ್ಮೆಲೆ ನಿಂತರೆ ಅದು ಬರಗಾಲವೆಂದೇ ಬಗೆದು ಖರ್ಚನ್ನು ಬಿಗಿಹಿಡಿಯುವುದು, ಹಸಿವನ್ನು ಹೆಚ್ಚಿಸುವುದು, ಕೊಬ್ಬಿನೊಡನೆ ಮಾಂಸಖಂಡವನ್ನೂ ಕರಗಿಸುವುದು.

ವ್ಯಾಯಾಮದಲ್ಲಿಯೂ ಇದೇ ನಿಯಮವು. ಹಲವು ತಿಂಗಳು ಕುಳಿತಿದ್ದವನು ಒಂದೇ ದಿನ ಮೈಮೀರಿ ಭಾರವೆತ್ತಿದರೆ ಮಾಂಸಖಂಡದ ಎಳೆಗಳು ಹರಿದು, ಅವುಗಳ ಸತ್ತ್ವವು ರಕ್ತಕ್ಕೆ ಸೋರಿ, ಮೂತ್ರವು ಕಪ್ಪಾಗಿ, ಮೂತ್ರಪಿಂಡಗಳೇ ನಿಂತುಹೋಗುವ ಪ್ರಸಂಗವೂ ಉಂಟು. ಮಾಂಸಖಂಡವು ಬೇಗನೆ ಬಲಿಯುವುದು. ಅದನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುವು ನಿಧಾನವಾಗಿ ಬಲಿಯುವುದು. ಆದುದರಿಂದಲೇ ಹುಮ್ಮಸ್ಸಿನ ಮೊದಲ ತಿಂಗಳಲ್ಲಿ ಹೆಗಲು, ಮೊಣಕಾಲುಗಳು ನೊಂದು ಎಷ್ಟೋ ಜನರು ಆರಂಭಿಸಿದ ಕಾರ್ಯವನ್ನು ಕೈಬಿಡುವರು. ಹಳೆಯ ಗರಡಿಮನೆಯ ಉಸ್ತಾದರು ಇದನ್ನು ಬಲ್ಲವರಾಗಿದ್ದರು. ಹೊಸ ಹುಡುಗನಿಗೆ ಮೊದಲು ಮಟ್ಟಿಯ ಮಣ್ಣನ್ನು ಅಗೆದು ಹದಮಾಡುವ ಕೆಲಸ. ತರುವಾಯ ಎಣಿಕೆಯ ದಂಡ, ಎಣಿಕೆಯ ಬೈಠಕ್ಕು. ಕುಸ್ತಿಯು ಬಹಳ ಹಿಂದಿನಿಂದ.

ಈ ನಿಧಾನವನ್ನು ಶಾಸ್ತ್ರವಾಗಿ ವಿಧಿಸಿದವರು ಭಾರತದ ಪ್ರಾಚೀನ ವೈದ್ಯರೇ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ದುರಭ್ಯಾಸವನ್ನು ಬಿಡುವ ಬಗೆಯು ಹೇಳಲ್ಪಟ್ಟಿರುವುದು. ಅಹಿತವಾದುದು ರೂಢಿಯಾಗಿದ್ದರೆ ಅದನ್ನು ಒಮ್ಮೆಲೆ ಬಿಡಬಾರದು. ಕಾಲುಭಾಗವನ್ನು ಬಿಟ್ಟು ಆ ಎಡೆಯಲ್ಲಿ ಹಿತವಾದುದರ ಕಾಲುಭಾಗವನ್ನು ಇರಿಸಬೇಕು. ನಡುವೆ ದಿನಗಳ ಅಂತರವಿತ್ತು ಮುಂದಿನ ಕಾಲುಭಾಗಕ್ಕೆ ಕೈಹಚ್ಚಬೇಕು. ಹೀಗೆ ಕ್ರಮದಿಂದ ಕಳೆದ ದೋಷಗಳು ಮರಳಿ ಹುಟ್ಟುವುದಿಲ್ಲ, ಕ್ರಮದಿಂದ ಕೂಡಿಸಿದ ಗುಣಗಳು ಅಲುಗುವುದಿಲ್ಲ ಎಂಬುದು ಅಲ್ಲಿಯ ಅಭಿಪ್ರಾಯವು. ಇದೇ ಪಾದಾಂಶಕ್ರಮವು. ವ್ಯಾಯಾಮವನ್ನಾದರೂ ಶಕ್ತಿಯ ಅರ್ಧದಷ್ಟೇ ಮಾಡಬೇಕೆಂದು ಸುಶ್ರುತನೂ ವಾಗ್ಭಟನೂ ವಿಧಿಸಿರುವರು. ಅರ್ಧಶಕ್ತಿಯನ್ನು ಇಂದು ಉಳಿಸಿಕೊಂಡವನೇ ನಾಳೆಯೂ ಬರಬಲ್ಲನು.

ಈ ಕ್ರಮವು ಕೇವಲ ಗ್ರಂಥದ ಮಾತೋ, ಫಲಕೊಡುವುದೋ ಎಂದು ಕೇಳಬಹುದು. ಚೀನಾದೇಶದ ಡಾಚಿಂಗ್ ನಗರದಲ್ಲಿ 1986 ರಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ 577 ಜನರನ್ನು ಆರಿಸಿಕೊಂಡು, ಅವರಲ್ಲಿ ಬಹುಪಾಲಿನವರಿಗೆ ಆರು ವರ್ಷ ಆಹಾರ ವ್ಯಾಯಾಮಗಳ ಸಾಮಾನ್ಯ ನಿಯಮಗಳನ್ನು ರೂಢಿಮಾಡಿಸಿದರು. ಮೂವತ್ತು ವರ್ಷಗಳ ಮೇಲೆ ನೋಡಲಾಗಿ, ನಿಯಮ ಹಿಡಿದವರಿಗೆ ಮಧುಮೇಹವು ಸುಮಾರು ನಾಲ್ಕು ವರ್ಷ ತಡವಾಗಿ ಬಂದಿದ್ದಿತು. ಹೃದಯ, ಮಿದುಳುಗಳ ಆಘಾತಗಳೂ ಕಡಿಮೆಯಾಗಿದ್ದುವು. ಆಯುಸ್ಸು ಸರಾಸರಿ ಒಂದು ವರ್ಷಕ್ಕೂ ಮಿಕ್ಕಿ ಹೆಚ್ಚಿದ್ದಿತು. ಭಾರತದಲ್ಲಿಯೇ, ಚೆನ್ನೈಯ ವೈದ್ಯ ಎ. ರಾಮಚಂದ್ರನ್ ಅವರೂ ಸಂಗಡಿಗರೂ 531 ಜನರಲ್ಲಿ ನಡೆಸಿ 2006 ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇನ್ನೂ ಬೋಧಪ್ರದವಾದುದು. ಮೂರು ವರ್ಷಗಳೊಳಗೆ, ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ನೂರಕ್ಕೆ 55 ಮಂದಿ ಮಧುಮೇಹಕ್ಕೆ ತುತ್ತಾದರು. ದಿನಕ್ಕೆ ಅರ್ಧಗಂಟೆಯ ನಡಿಗೆ, ಹಿತಮಿತವಾದ ಆಹಾರಗಳನ್ನು ರೂಢಿಸಿಕೊಂಡವರಲ್ಲಿ ಸುಮಾರು 39 ಮಂದಿ ಮಾತ್ರ. ಅವರ ದೇಹತೂಕದಲ್ಲಿ ಹೇಳಿಕೊಳ್ಳುವಂತಹ ಇಳಿತವೇನೂ ಕಾಣಲಿಲ್ಲ. ತಕ್ಕಡಿಯನ್ನೇ ನಂಬಿದ ಆತುರಗಾರನಾಗಿದ್ದರೆ ವ್ಯರ್ಥವೆಂದು ಆ ನಡಿಗೆಯನ್ನು ಎರಡನೆಯ ತಿಂಗಳಲ್ಲಿಯೇ ನಿಲ್ಲಿಸುತ್ತಿದ್ದನು. ತಕ್ಕಡಿಯು ಸುಮ್ಮನಿದ್ದಾಗಲೂ ರಕ್ತದೊಳಗೆ ಒಳ್ಳೆಯದಾಗುತ್ತಿದ್ದಿತು.

ಇನ್ನು ರೂಢಿಯು ಹೇಗೆ ಹುಟ್ಟುವುದೆಂಬ ವಿಚಾರ. ಇಪ್ಪತ್ತೊಂದು ದಿನಗಳಲ್ಲಿ ಅಭ್ಯಾಸವು ನಿಲ್ಲುವುದೆಂಬ ಮಾತು ಜನಜನಿತವಾಗಿರುವುದು. ಲಂಡನ್ನಿನ ವಿಶ್ವವಿದ್ಯಾಲಯದಲ್ಲಿ 96 ಜನರನ್ನು ಪರೀಕ್ಷಿಸಿ 2010 ರಲ್ಲಿ ಪ್ರಕಟಿಸಿದ ಶೋಧವು ಬೇರೆಯೇ ಹೇಳುವುದು. ಒಂದು ಹೊಸ ನಡೆಯು ಯೋಚನೆಯಿಲ್ಲದೆ ತಾನಾಗಿ ನಡೆಯುವುದಕ್ಕೆ ಬೇಕಾದ ಮಧ್ಯಮಮಾನವು 66 ದಿನ; ಕೆಲವರಿಗೆ 18 ದಿನವೇ ಸಾಕಾಯಿತು, ಕೆಲವರಿಗೆ 254 ದಿನಗಳು ಹಿಡಿಯುವಂತೆ ಕಂಡಿತು. ಒಂದು ಲೋಟ ನೀರು ಕುಡಿಯುವ ರೂಢಿಯು ಬೇಗನೆ ಬೇರೂರಿತು. ವ್ಯಾಯಾಮದ ರೂಢಿಯು ತಡಮಾಡಿತು. ನಡುವೆ ಒಂದು ದಿನ ತಪ್ಪಿದರೂ ಕೆಲಸವು ಕೆಡಲಿಲ್ಲ ಎಂಬುದು ಆ ಶೋಧದ ಅತ್ಯಂತ ಸಾಂತ್ವನದ ಮಾತು. ಒಂದು ದಿನ ತಪ್ಪಿತೆಂದು ವ್ರತವೇ ಭಂಗವಾಯಿತೆಂದು ಬಿಟ್ಟುಬಿಡುವವನೇ ನಿಜವಾಗಿ ಸೋತವನು. ಮರುದಿನ ಮತ್ತೆ ಎದ್ದವನು ಸೋತವನಲ್ಲ. ಹೊಸ ನಡೆಯನ್ನು ಈಗಾಗಲೇ ನಿಂತಿರುವ ಹಳೆಯ ನಡೆಗೆ ಗಂಟುಹಾಕುವುದು ಉತ್ತಮ ಉಪಾಯವು. ಮುಂಜಾನೆ ಸ್ನಾನಕ್ಕೆ ಮೊದಲು ಹತ್ತು ಬೈಠಕ್ಕು, ರಾತ್ರಿಯ ಊಟದ ಹಿಂದೆಯೇ ಬೀದಿಯ ಕೊನೆಯವರೆಗೆ ನಡಿಗೆ ಎಂದು ಗೊತ್ತುಮಾಡಿದರೆ, ಹಳೆಯ ನಡೆಯೇ ಹೊಸದನ್ನು ಕೈಹಿಡಿದು ಎಬ್ಬಿಸುವುದು.

ಈಗ ಆಚರಣೆಯ ಮಾತು. ನಡಿಗೆಯಲ್ಲಿ ಹತ್ತು ಸಾವಿರ ಹೆಜ್ಜೆಗಳ ಸಂಖ್ಯೆಯನ್ನು ಕೇಳಿ ಹಿಂಜರಿಯಬೇಕಾಗಿಲ್ಲ. ಆ ಸಂಖ್ಯೆಯು 1965 ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಯೆಣಿಕೆಯ ಯಂತ್ರವೊಂದರ ಹೆಸರಿನಿಂದ ಹರಡಿದುದು. ಅಮೆರಿಕೆಯಲ್ಲಿ ಸರಾಸರಿ 72 ವಯಸ್ಸಿನ 16,741 ಮಹಿಳೆಯರ ನಡಿಗೆಯನ್ನು ಅಳೆದು 2019 ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ದಿನಕ್ಕೆ 2,700 ಹೆಜ್ಜೆ ನಡೆದವರಿಗಿಂತ 4,400 ಹೆಜ್ಜೆ ನಡೆದವರಲ್ಲಿ ಮರಣವು ನೂರಕ್ಕೆ 41 ರಷ್ಟು ಕಡಿಮೆ ಕಂಡಿತು. 7,500 ರ ಮೇಲೆ ಲಾಭವು ಹೆಚ್ಚಲಿಲ್ಲ. ರೋಗಿಷ್ಠರು ನಡೆಯಲಾರದೆಯೇ ಕಡಿಮೆ ನಡೆದಿರಲೂಬಹುದು. ಆದರೂ ಅಲ್ಪವಾದ ನಡಿಗೆಯು ನಿರರ್ಥಕವಲ್ಲವೆಂಬುದು ಇದರಿಂದ ಸ್ಪಷ್ಟವು. ವಿಶ್ವ ಆರೋಗ್ಯ ಸಂಸ್ಥೆಯು 2020 ರಲ್ಲಿ ವಯಸ್ಕರಿಗೆ ವಾರಕ್ಕೆ 150 ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನೂ, ಎರಡು ದಿನ ಮಾಂಸಖಂಡಗಳಿಗೆ ಬಲಕೊಡುವ ವ್ಯಾಯಾಮವನ್ನೂ ವಿಧಿಸಿತು. ಇಂದು ಏನೂ ಮಾಡದವನು ಇದರ ಕಾಲುಭಾಗದಿಂದ, ಎಂದರೆ ದಿನಕ್ಕೆ ಐದಾರು ನಿಮಿಷಗಳಿಂದ ತೊಡಗಲಿ. ವೃದ್ಧರು ಕೈಯ ಆಸರೆಯಿಲ್ಲದೆ ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವುದನ್ನು ದಿನವೂ ಹತ್ತು ಸಾರಿ ಮಾಡಿದರೆ, ಬಿದ್ದು ಸೊಂಟ ಮುರಿದುಕೊಳ್ಳುವ ಭಯವು ತಗ್ಗುವುದು.

ಊಟದಲ್ಲಿಯೂ ಪಾದಾಂಶವೇ ದಾರಿಯು. ತಟ್ಟೆಯ ಅನ್ನದಲ್ಲಿ ಕಾಲುಭಾಗವನ್ನು ತೆಗೆದು ಆ ಎಡೆಯಲ್ಲಿ ಕಾಳು, ಸೊಪ್ಪು, ಪಲ್ಯಗಳನ್ನು ಇಟ್ಟರೆ ಹೊಟ್ಟೆಯು ತುಂಬುವುದು, ಮನಸ್ಸು ಮುನಿಯದು. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯು; ಭಾರತದ ಸರಾಸರಿ ಬಳಕೆಯು ಅದಕ್ಕಿಂತ ಬಹಳ ಹೆಚ್ಚು. ಒಮ್ಮೆಲೆ ಉಪ್ಪು ಬಿಟ್ಟ ಸಾರನ್ನು ಮನೆಮಂದಿಯು ಉಣ್ಣಲಾರರು. ಚಿಟಿಕೆಚಿಟಿಕೆಯಾಗಿ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಗೆಯೇ ಒಗ್ಗಿ, ಹಿಂದಿನ ಸಾರನ್ನು ಉಪ್ಪೆಂದು ನೂಕುವುದು. ನಾಲಗೆಯ ರುಚಿಯೂ ಒಂದು ರೂಢಿಯೇ ಅಲ್ಲವೇ?

ಆದರೆ ಯಾವ ಕ್ರಮವನ್ನೂ ಕುರುಡಾಗಿ ಅನುಸರಿಸಲಾಗದು. ತಂಬಾಕಿನ ವಿಷಯದಲ್ಲಿ ಪಾದಾಂಶಕ್ರಮಕ್ಕಿಂತ ಒಂದು ದಿನವನ್ನು ಗೊತ್ತುಮಾಡಿ ಪೂರ್ಣವಾಗಿ ಬಿಡುವುದೇ ಮೇಲೆಂದು ತೋರುವುದು. ಇಂಗ್ಲೆಂಡಿನಲ್ಲಿ 697 ಧೂಮಪಾನಿಗಳಲ್ಲಿ ನಡೆದು 2016 ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಾಲ್ಕು ವಾರಗಳ ತರುವಾಯ ಒಮ್ಮೆಲೆ ಬಿಟ್ಟವರಲ್ಲಿ ನೂರಕ್ಕೆ 49 ಮಂದಿಯೂ, ಮೆಲ್ಲಗೆ ಬಿಟ್ಟವರಲ್ಲಿ 39 ಮಂದಿಯೂ ದೃಢವಾಗಿ ನಿಂತರು. ಅಂತೆಯೇ ಎದೆನೋವು, ಪಾರ್ಶ್ವವಾಯುಗಳಲ್ಲಿ ಕ್ಷಣವೂ ತಡೆಯದೆ ಆಸ್ಪತ್ರೆಗೆ ಧಾವಿಸತಕ್ಕದ್ದು. ನಡಿಗೆಯನ್ನು ಹಿಡಿದೆನೆಂದು ಮಧುಮೇಹ, ರಕ್ತದೊತ್ತಡಗಳ ಔಷಧಗಳನ್ನು ವೈದ್ಯರ ಮಾತಿಲ್ಲದೆ ಬಿಡುವವನೂ ಆತುರಗಾರನೇ. ಅವನು ಒಂದು ಮಾಯಾಮದ್ದಿನ ಬದಲಿಗೆ ಮತ್ತೊಂದನ್ನು ನಂಬಿದವನು.

ಇನ್ನೊಂದು ಮಾತನ್ನು ಹೇಳದೆ ಈ ವಿಷಯವು ಪೂರ್ಣವಾಗದು. ಆರೋಗ್ಯವು ಒಬ್ಬೊಬ್ಬನ ಸಂಕಲ್ಪದಿಂದಲೇ ಆಗುವುದೆಂದು ಉಪದೇಶಿಸುವುದು ಸುಲಭ. ಐದು ಗಂಟೆಗೆ ಎದ್ದು ಹತ್ತು ಗಂಟೆಯವರೆಗೆ ದುಡಿಯುವ ಗೃಹಿಣಿಗೆ ಅರ್ಧಗಂಟೆಯ ಬಿಡುವನ್ನು ಯಾರು ಕೊಡುವರು? ಸಂಜೆ ಹೆಣ್ಣುಮಕ್ಕಳು ನಿರ್ಭಯವಾಗಿ ನಡೆಯುವ ಬೀದಿಯು ಎಷ್ಟು ಊರುಗಳಲ್ಲಿರುವುದು? ಆಟದ ಬಯಲಿಲ್ಲದ ಶಾಲೆಯ ಮಗುವು ಎಲ್ಲಿ ಓಡಬೇಕು? ಮನೆಯ ಗಂಡಸರು ನೀರುಹೊರುವ, ಪಾತ್ರೆ ಬೆಳಗುವ ಕೆಲಸದ ಕಾಲುಭಾಗವನ್ನು ಹೊತ್ತರೆ ಅವರಿಗೆ ವ್ಯಾಯಾಮವೂ, ಅವಳಿಗೆ ಬಿಡುವೂ ಒಟ್ಟಿಗೆ ಒದಗುವುವು. ಮಠಗಳು, ಶಾಲೆಗಳು, ಪಂಚಾಯತಿಗಳು ಊರಿಗೊಂದು ಬಯಲನ್ನೂ, ನೆರಳಿರುವ ಒಂದು ಹಾದಿಯನ್ನೂ ಕಾದಿಡಬೇಕು. ಸಾಮೂಹಿಕ ಊಟಗಳಲ್ಲಿ ಸಿಹಿಯ ಒಂದು ಬಗೆಯನ್ನು ಇಳಿಸಿ ಕಾಳಿನ ಒಂದು ಬಗೆಯನ್ನು ಏರಿಸಬೇಕು. ಒಬ್ಬನು ಹಿಡಿದ ನಿಯಮವು ಬೇಸರದಿಂದ ಕಳಚುವುದು. ನಾಲ್ವರು ಕೂಡಿ ಹಿಡಿದ ನಿಯಮವನ್ನು ನಾಲ್ವರೂ ಕಾಯುವರು.

ಮಠವೊಂದು ಮಹೋತ್ಸವದ ವರ್ಷವನ್ನು ಕಾಣುವುದು ಉತ್ಸವದ ಒಂದು ದಿನದಿಂದಲ್ಲ. ಪ್ರತಿದಿನ ಹೊತ್ತಿಸಿದ ದೀಪದಿಂದ, ಪ್ರತಿದಿನ ಏರಿಸಿದ ದಾಸೋಹದ ಒಲೆಯಿಂದ, ಪ್ರತಿದಿನ ನಡೆಸಿದ ಪಾಠದಿಂದ. ದೇಹದ ಸೇವೆಯೂ ಅಂತಹುದೇ. ಇಲ್ಲಿ ನೆರೆದಿರುವ ಪ್ರತಿಯೊಬ್ಬರೂ ತಮ್ಮ ದಿನಚರಿಯಲ್ಲಿ ಒಂದೇ ಒಂದು ಅಹಿತವನ್ನು ಆರಿಸಿ, ಅದರ ಕಾಲುಭಾಗವನ್ನು ನಾಳೆ ಬಿಟ್ಟು, ಆ ಎಡೆಯಲ್ಲಿ ಹಿತವಾದುದನ್ನು ಇರಿಸಿಕೊಳ್ಳಲಿ. ಉಳಿದ ಮೂರು ಪಾಲುಗಳಿಗೆ ಮುಂದಿನ ದಿನಗಳು ಇದ್ದೇ ಇರುವುವು. ಸರ್ವರಿಗೂ ದೃಢವಾದ ಆಯುರಾರೋಗ್ಯವು ಲಭಿಸಲಿ.